ಬಿಪಿ ಇದೆ, ಮೂತ್ರ ಇಲ್ಲ: ತೀವ್ರ ಅಸ್ವಸ್ಥ ರೋಗಿಯ ರಕ್ತದೊತ್ತಡವನ್ನೂ ಹರಿವನ್ನೂ ನೋಡುವ ಕ್ರಮ

‘ಬಿಪಿ 110/70, ಸ್ಟೇಬಲ್.’ ರೆಫರಲ್ ಚೀಟಿಗಳಲ್ಲಿ ಮತ್ತೆ ಮತ್ತೆ ಕಾಣುವ ಸಾಲಿದು. ಚೀಟಿ ಸುಳ್ಳು ಹೇಳುತ್ತಿರುವುದಿಲ್ಲ, ಕಫ್ ಕಟ್ಟಿದಾಗ ಬಂದದ್ದು ಅಷ್ಟೇ. ಆದರೆ ಅದೇ ರೋಗಿಯ ಮಂಡಿಯ ಮೇಲೆ ನೇರಳೆ ಜಾಲರಿಯಂಥ ಮಚ್ಚೆ ಎದ್ದಿರುತ್ತದೆ, ಬೆರಳು ತಣ್ಣಗಿರುತ್ತದೆ, ಯೂರಿನ್ ಬ್ಯಾಗಿನಲ್ಲಿ ಮೂರು ತಾಸಿನಿಂದ ತಳ ಮುಚ್ಚುವಷ್ಟೂ ಮೂತ್ರ ಸೇರಿರುವುದಿಲ್ಲ.

ಮಂಡ್ಯ ಸೀಮೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಕೆಆರ್‌ಎಸ್‌ನಲ್ಲಿ ನೀರು 124.80 ಅಡಿಗೆ ಮುಟ್ಟಿದರೂ ವಿಶ್ವೇಶ್ವರಯ್ಯ ನಾಲೆಯ ಕೊನೇ ಭಾಗದ ಗದ್ದೆಗೆ ನೀರು ಬಂದಿಲ್ಲವೆಂದರೆ ಬೆಳೆ ಒಣಗುತ್ತದೆ. ಬಿಪಿ ಅಣೆಕಟ್ಟೆಯ ಮಟ್ಟ. ಬದುಕಿಸುವುದು ಕೊನೇ ಭಾಗಕ್ಕೆ ಮುಟ್ಟುವ ಹರಿವು.

ಈ ಬರಹ ತಾಲ್ಲೂಕು ಆಸ್ಪತ್ರೆ, ನರ್ಸಿಂಗ್ ಹೋಂಗಳ ತುರ್ತು ವಿಭಾಗದಲ್ಲಿ ನೈಟ್ ಡ್ಯೂಟಿ ಮಾಡುವ ನರ್ಸ್‌ಗಳಿಗೆ ಮತ್ತು ಹೊಸ ವೈದ್ಯರಿಗೆ. ಐಸಿಯು ಹೊರಗೆ ಕಾಯುವ ಮನೆಯವರೂ ಓದಬಹುದು. ಆದರೆ ಔಷಧದ ಪ್ರಮಾಣಗಳು ಹಾಸಿಗೆಯ ಪಕ್ಕ ನಿಂತು ರೋಗಿಯನ್ನು ನೋಡುತ್ತಿರುವ ವೈದ್ಯರು ತೀರ್ಮಾನಿಸಬೇಕಾದವು.

ಮೊದಲು ಒಂದಿಷ್ಟು ಲೆಕ್ಕ

ಸರಾಸರಿ ಒತ್ತಡ (ಮ್ಯಾಪ್) ಹುಟ್ಟುವುದು ಎರಡರಿಂದ: ಹೃದಯ ನಿಮಿಷಕ್ಕೆ ತಳ್ಳುವ ರಕ್ತ, ಮತ್ತು ರಕ್ತನಾಳಗಳು ಒಡ್ಡುವ ತಡೆ. ವಿಶ್ರಾಂತಿಯಲ್ಲಿರುವ ವಯಸ್ಕರ ಹೃದಯ ನಿಮಿಷಕ್ಕೆ ಸುಮಾರು 5 ಲೀಟರ್ ತಳ್ಳುತ್ತದೆ. ಅದು 3 ಲೀಟರಿಗೆ ಇಳಿದರೂ ಸಣ್ಣ ಅಪಧಮನಿಗಳು ಬಿಗಿದುಕೊಂಡು ತಡೆ ಹೆಚ್ಚಿಸಿದರೆ ಬಿಪಿ ಮೊದಲಿನಂತೆಯೇ ಕಾಣುತ್ತದೆ. ಮೋಸ ಇರುವುದು ಇಲ್ಲೇ. ನಾಳದ ತ್ರಿಜ್ಯ ಅರ್ಧವಾದರೆ, ಅದೇ ಒತ್ತಡಕ್ಕೆ ಅದರೊಳಗೆ ಹರಿಯುವುದು ಹದಿನಾರನೇ ಒಂದು ಪಾಲು ಮಾತ್ರ. ಒತ್ತಡ ಉಳಿಸಿಕೊಳ್ಳಲು ದೇಹ ತೆರುವ ಬೆಲೆ ಅದು. ತೆರುವುದು ಚರ್ಮ, ಕರುಳು, ಮೂತ್ರಪಿಂಡ.

ಈ ಬಿಗಿತವನ್ನು ಕ್ಷಣಾರ್ಧದಲ್ಲಿ ಶುರುಮಾಡುವುದು ಕುತ್ತಿಗೆಯ ಕೆರೋಟಿಡ್ ಸೈನಸ್ ಮತ್ತು ಮಹಾಪಧಮನಿಯ ಕಮಾನಿನಲ್ಲಿರುವ ಒತ್ತಡಗ್ರಾಹಿಗಳು. ರೆನಿನ್, ಆಂಜಿಯೋಟೆನ್ಸಿನ್ ಆಮೇಲೆ ಕೈಜೋಡಿಸುತ್ತವೆ. ಯುವಕರಲ್ಲಿ ಈ ವ್ಯವಸ್ಥೆ ಎಷ್ಟು ಗಟ್ಟಿಯೆಂದರೆ, ಒಟ್ಟು ರಕ್ತದ ಶೇ. 30ರ ಹತ್ತಿರ ಹೋಗುವವರೆಗೂ ಮಲಗಿರುವಾಗಿನ ಮೇಲಿನ ಬಿಪಿ ಸಾಮಾನ್ಯವಾಗೇ ಇರಬಹುದು. 60 ಕೆಜಿ ತೂಕದವರಿಗೆ ಅದು ಸುಮಾರು ಒಂದೂಕಾಲು ಲೀಟರ್. ಹೆದ್ದಾರಿ ಅಪಘಾತದಲ್ಲಿ ತೊಡೆ ಮೂಳೆ ಮುರಿದುಕೊಂಡು ಬಂದ ಹುಡುಗನ ಬಿಪಿ 118/84, ನಾಡಿ 124 ಎಂದಿದ್ದರೆ ಓದಬೇಕಾದ್ದು 118ನ್ನಲ್ಲ. ನಾಡಿಯನ್ನು ಮೇಲಿನ ಬಿಪಿಯಿಂದ ಭಾಗಿಸಿ: 1.05. ಆರೋಗ್ಯವಂತರಲ್ಲಿ ಇದು 0.5ರಿಂದ 0.7. 0.9 ದಾಟಿದರೆ ಒಳಗೆಲ್ಲೋ ಸೋರುತ್ತಿದೆ ಎಂದೇ ಹುಡುಕಲು ಶುರುಮಾಡಬೇಕು.

ಮಿದುಳು, ಮೂತ್ರಪಿಂಡಗಳಿಗೆ ತಮ್ಮದೇ ಗೇಟು ಉಂಟು. ಮ್ಯಾಪ್ ಒಂದು ಮಿತಿಯೊಳಗೆ ಏರಿಳಿದರೂ ತಮಗೆ ಬರುವ ರಕ್ತವನ್ನು ಅವು ಒಂದೇ ಸಮ ಇಟ್ಟುಕೊಳ್ಳುತ್ತವೆ. ಮಿದುಳಿಗೆ ಆ ಮಿತಿ ಪಠ್ಯಗಳ ಪ್ರಕಾರ ಹೆಚ್ಚುಕಡಿಮೆ 60ರಿಂದ 150. ಹತ್ತಾರು ವರ್ಷ ಬಿಪಿ ಕಾಯಿಲೆ ಇದ್ದವರಲ್ಲಿ ಈ ಮಿತಿಯೇ ಮೇಲಕ್ಕೆ ಸರಿದಿರುತ್ತದೆ. ಸೆಪ್ಸಿಸ್‌ನಲ್ಲಂತೂ (ಸೋಂಕಿನಿಂದ ಅಂಗಗಳೇ ಕೆಡುವ ಸ್ಥಿತಿ) ನೈಟ್ರಿಕ್ ಆಕ್ಸೈಡ್ ಅತಿಯಾಗಿ ಉತ್ಪತ್ತಿಯಾಗಿ ದೊಡ್ಡ ನಾಳಗಳು ಸಡಿಲಾಗುತ್ತವೆ, ಲೋಮನಾಳಗಳಲ್ಲಿ ಕೆಲವು ಮುಚ್ಚಿ ಕೆಲವು ಅಡ್ಡದಾರಿಯಾಗುತ್ತವೆ. ಆಗ ಮೇಲಿನ ಒತ್ತಡ ಸರಿಪಡಿಸಿದ ಮಾತ್ರಕ್ಕೆ ಕೆಳಗಿನ ಹರಿವು ಸರಿಹೋಗುತ್ತದೆಂಬ ಖಾತರಿ ಇಲ್ಲ.

ಹಂತ 1: ಅಳತೆಯನ್ನೇ ಅನುಮಾನಿಸಿ

ಕಫ್‌ನ ಒಳಗಿನ ಗಾಳಿಚೀಲದ ಅಗಲ ತೋಳಿನ ಸುತ್ತಳತೆಯ ಶೇ. 40, ಉದ್ದ ಶೇ. 80 ಇರಬೇಕು. ಚಿಕ್ಕ ಕಫ್ ಬಿಪಿಯನ್ನು ಹೆಚ್ಚು ತೋರಿಸುತ್ತದೆ, ದೊಡ್ಡದು ಕಡಿಮೆ. ವಾರ್ಡಿಗೆಲ್ಲ ಒಂದೇ ಕಫ್ ಇರುವ ಕಡೆ ದಪ್ಪ ತೋಳಿನವರ ಲೋ ಬಿಪಿ ಅಡಗಿಹೋಗುವುದು ಹೀಗೆ. ಡ್ರಿಪ್ ಹೋಗುತ್ತಿರುವ ಕೈಗೆ ಕಫ್ ಕಟ್ಟಬೇಡಿ. ಪ್ರತಿ ಸಲ ಉಬ್ಬಿದಾಗಲೂ ಬಿಪಿ ಏರಿಸುವ ಔಷಧ ನಾರ್‌ಅಡ್ರಿನಲಿನ್ ನಿಂತು, ಕಫ್ ಇಳಿದಾಗ ಒಟ್ಟಿಗೆ ನುಗ್ಗುತ್ತದೆ.

ಆಟೋಮ್ಯಾಟಿಕ್ ಯಂತ್ರ ನಿಜವಾಗಿ ಅಳೆಯುವುದು ಸರಾಸರಿ ಒತ್ತಡವನ್ನು. ಮೇಲಿನದು, ಕೆಳಗಿನದು ಅದು ಒಳಗೇ ಲೆಕ್ಕ ಹಾಕಿದ ಅಂಕಿ. ನಾಡಿ ಅಡ್ಡಾದಿಡ್ಡಿ ಇದ್ದರೆ (ಏಟ್ರಿಯಲ್ ಫೈಬ್ರಿಲೇಷನ್) ಒಂದೇ ಸಲದ ಅಂಕಿ ನಂಬದೆ ಮೂರು ಸಲ ತೆಗೆದು ಸರಾಸರಿ ನೋಡಿ. ಒತ್ತಡ ತುಂಬಾ ಇಳಿದಾಗ ಈ ಯಂತ್ರಗಳು ಮೇಲಿನ ಬಿಪಿಯನ್ನು ಇರುವುದಕ್ಕಿಂತ ಹೆಚ್ಚಾಗಿ ತೋರಿಸುವುದುಂಟು. ಮಣಿಕಟ್ಟಿನಲ್ಲಿ ನಾಡಿ ಸಿಕ್ಕಿತು, ಹಾಗಾದರೆ 80 ಇದ್ದೇ ಇದೆ ಎನ್ನುವ ಹಳೆಯ ಪಾಠವನ್ನೂ ಪೂರ್ತಿ ನೆಚ್ಚಬೇಡಿ.

ಆರ್ಟೀರಿಯಲ್ ಲೈನ್ (ಬಿಪಿ ಅಳೆಯಲು ಅಪಧಮನಿಯೊಳಗೆ ಕೂರಿಸಿದ ನಳಿಕೆ) ಇದ್ದರೆ ಮೂರು ಕೆಲಸ. ಟ್ರಾನ್ಸ್‌ಡ್ಯೂಸರನ್ನು ನಾಲ್ಕನೇ ಪಕ್ಕೆಲುಬಿನ ಸಂದು, ಕಂಕುಳಿನ ಮಧ್ಯರೇಖೆ ಕೂಡುವ ಮಟ್ಟಕ್ಕೆ ತಂದು ಝೀರೋ ಮಾಡಿ. ಅದು 10 ಸೆಂ.ಮೀ. ಕೆಳಗಿದ್ದರೆ ಬಿಪಿ ಸುಮಾರು 7.5 ಹೆಚ್ಚು ತೋರುತ್ತದೆ. ಹಾಸಿಗೆ ಏರಿಸಿ ಇಳಿಸಿದಾಗೆಲ್ಲ ಮತ್ತೆ ನೋಡಬೇಕು. ಪ್ರೆಷರ್ ಬ್ಯಾಗ್ 300ರಲ್ಲಿರಲಿ. ಕೊನೆಗೆ ಫ್ಲಶ್ ಎಳೆದು ಬಿಡಿ: ಚೌಕಾಕಾರದ ಅಲೆ ಬಿದ್ದ ಮೇಲೆ ಗೆರೆ ಒಂದೆರಡು ಸಲ ಕುಣಿದು ನಿಂತರೆ ಸರಿ. ಕುಣಿಯದೇ ಮೆಲ್ಲಗೆ ಇಳಿದರೆ ಎಲ್ಲೋ ಗುಳ್ಳೆ, ಹೆಪ್ಪು, ಮಡಿಕೆ ಇದೆ, ಮೇಲಿನ ಬಿಪಿ ಕಡಿಮೆ ಕಾಣುತ್ತದೆ. ತುಂಬಾ ಕುಣಿದರೆ ಇರುವುದಕ್ಕಿಂತ ಹೆಚ್ಚು ಕಾಣುತ್ತದೆ. ಎರಡರಲ್ಲೂ ಮ್ಯಾಪ್ ಅಷ್ಟಾಗಿ ಕೆಡುವುದಿಲ್ಲ. ಔಷಧ ಏರಿಸುವುದು ಇಳಿಸುವುದು ಮ್ಯಾಪ್ ನೋಡಿಯೇ ಎನ್ನಲು ಇದೂ ಒಂದು ಕಾರಣ.

ಹಂತ 2: ಮೂರೂ ಅಂಕಿ ಓದಿ

ಕೆಳಗಿನ ಬಿಪಿಗೆ, ಮೇಲಿನದಕ್ಕೂ ಕೆಳಗಿನದಕ್ಕೂ ಇರುವ ಅಂತರದ ಮೂರನೇ ಒಂದು ಪಾಲು ಕೂಡಿಸಿದರೆ ಮ್ಯಾಪ್. 96/40 ಇರುವವರ ಮ್ಯಾಪ್ 59. 84/58 ಇರುವವರದು 67. ಮೇಲಿನ ಅಂಕಿಯನ್ನಷ್ಟೇ ನೋಡುವವರು ಮೊದಲನೆಯವರನ್ನು ಬಿಟ್ಟು ಎರಡನೆಯವರ ಕಡೆ ಓಡುತ್ತಾರೆ.

ಕೆಳಗಿನ ಬಿಪಿ 45, 50ರ ಆಸುಪಾಸಿಗೆ ಕುಸಿದು ನಾಡಿ ಓಡುತ್ತಿದ್ದರೆ ನಾಳಗಳು ಸಡಿಲವಾಗಿವೆ. ಅಲ್ಲಿ ಬರೀ ಡ್ರಿಪ್ ಸುರಿಯುತ್ತಾ ಕೂರಬಾರದು. ಎಡ ಹೃತ್ಕುಕ್ಷಿಯ ಸ್ನಾಯುವಿಗೆ ರಕ್ತ ಸಿಗುವುದು ಬಹುಪಾಲು ಹೃದಯ ಸಡಿಲಗೊಂಡ ಹೊತ್ತಿನಲ್ಲಿ. ಆದ್ದರಿಂದ ಕೆಳಗಿನ ಬಿಪಿ ಕುಸಿದರೆ ಪಂಪೇ ಉಪವಾಸ ಬೀಳುತ್ತದೆ.

ಎರಡು ಅಂಕಿಗಳ ಅಂತರ ಕಿರಿದಾಗಿದ್ದರೆ ಅರ್ಥ ಬೇರೆ. ಮಳೆಗಾಲದಲ್ಲಿ ನಮ್ಮ ಮಂಡ್ಯ, ಮೈಸೂರು ಎರಡೂ ಜಿಲ್ಲೆಗಳಲ್ಲಿ ಡೆಂಗಿ ಬಂದಾಗ ನೆನಪಿಡಬೇಕಾದ್ದು ಇದು. ಜ್ವರ ಇಳಿದ ದಿನ ಬಿಪಿ 100/85. ಮ್ಯಾಪ್ 90, ಯಾವ ಅಲಾರಂ ಕೂಡ ಹೊಡೆಯುವುದಿಲ್ಲ. ಆದರೆ ಅಂತರ 15. ಡೆಂಗಿಯಲ್ಲಿ ಅಂತರ 20 ಅಥವಾ ಅದಕ್ಕಿಂತ ಕಡಿಮೆ ಆಯಿತೆಂದರೆ ಅದು ಶಾಕ್, ಅಂದರೆ ಅಂಗಗಳಿಗೆ ಸಾಕಷ್ಟು ರಕ್ತ ಮುಟ್ಟದ ಸ್ಥಿತಿ. ಲೋಮನಾಳಗಳಿಂದ ಪ್ಲಾಸ್ಮಾ ಸೋರಿದೆ, ಹಿಮಟೋಕ್ರಿಟ್ (ರಕ್ತದಲ್ಲಿ ಕೆಂಪುಕಣಗಳ ಪಾಲು) ಏರಿರುತ್ತದೆ, ನಾಳಗಳು ಪೂರ್ತಿ ಬಿಗಿದು ಕೊನೆಯ ಪ್ರಯತ್ನ ಮಾಡುತ್ತಿವೆ. ಪ್ಲೇಟ್‌ಲೆಟ್ ಎಷ್ಟು, ಎಷ್ಟು ಎಂದು ಮನೆಯವರೂ ವಾರ್ಡಿನವರೂ ಕೇಳುತ್ತಿರುವಾಗ ಕಣ್ಣಿಡಬೇಕಾದ್ದು ಈ ಅಂತರದ ಮೇಲೆ. ಮೇಲಿನ ಬಿಪಿ ಇನ್ನೂ ನಿಂತಿರುವ ಈ ಹಂತದಲ್ಲಿ ದ್ರವವನ್ನು ಮೊದಲ ಗಂಟೆಗೆ ಕೆಜಿಗೆ 5ರಿಂದ 10 ಎಂಎಲ್‌ನಂತೆ ಕೊಟ್ಟು ಮತ್ತೆ ನೋಡುತ್ತಾರೆ. ಸೋರಿಕೆ ಒಂದೆರಡು ದಿನದಲ್ಲಿ ನಿಂತು ಹೊರಗಿದ್ದ ನೀರು ತಾನಾಗಿ ನಾಳಕ್ಕೆ ಮರಳುತ್ತದೆ. ಆಗಲೂ ಡ್ರಿಪ್ ನಿಲ್ಲಿಸದಿದ್ದರೆ ಶ್ವಾಸಕೋಶ ತುಂಬಿಕೊಳ್ಳುತ್ತದೆ.

ಹಂತ 3: ಕೊನೇ ಭಾಗಕ್ಕೆ ಮುಟ್ಟಿದೆಯೇ?

ಬೆರಳ ತುದಿಯ ಪರೀಕ್ಷೆಗೆ ಖರ್ಚಿಲ್ಲ. ಲ್ಯಾಬಿನಿಂದ ಒಂದು ಗಾಜಿನ ಸ್ಲೈಡ್ ತನ್ನಿ. ತೋರುಬೆರಳಿನ ತುದಿಯ ಮೆದು ಭಾಗವನ್ನು ಬಿಳುಪಾಗುವವರೆಗೂ ಒತ್ತಿ, 10 ಸೆಕೆಂಡ್ ಹಿಡಿದು, ಬಿಡಿ. ಬಣ್ಣ ಮರಳಲು 3 ಸೆಕೆಂಡ್‌ಗಿಂತ ಹೆಚ್ಚು ಹಿಡಿದರೆ ಹರಿವು ಕುಂದಿದೆ. ಗಡಿಯಾರ ನೋಡಿ ಎಣಿಸಿ. ಅಂದಾಜಿನಲ್ಲಿ ಎಣಿಸಿದರೆ ಒಬ್ಬೊಬ್ಬರಿಗೆ ಒಂದೊಂದು ಬರುತ್ತದೆ. ಬೆಳಕು ಚೆನ್ನಾಗಿರಲಿ, ಎಸಿಯಲ್ಲಿ ತಣ್ಣಗಾದ ಕೈಯನ್ನು ಮೊದಲು ಬೆಚ್ಚಗೆ ಮಾಡಿ. ಚಿಕಿತ್ಸೆ ನಡೆಯುವಾಗ ಅರ್ಧ ಗಂಟೆಗೊಮ್ಮೆ ನೋಡಿ. 2019ರಲ್ಲಿ ಪ್ರಕಟವಾದ ಆಂಡ್ರೊಮೆಡಾ-ಶಾಕ್ ಅಧ್ಯಯನದಲ್ಲಿ ಸೆಪ್ಟಿಕ್ ಶಾಕ್‌ನ 424 ರೋಗಿಗಳಲ್ಲಿ ಒಂದು ಗುಂಪಿಗೆ ರಕ್ತದ ಲ್ಯಾಕ್ಟೇಟ್ (ಹರಿವು ಸಾಲದಾಗ ಏರುವ ವಸ್ತು) ನೋಡಿ, ಇನ್ನೊಂದಕ್ಕೆ ಈ ಬೆರಳ ಪರೀಕ್ಷೆ ನೋಡಿ ಚಿಕಿತ್ಸೆ ಕೊಟ್ಟರು. 28 ದಿನಗಳಲ್ಲಿ ಸತ್ತವರು ಮೊದಲನೆಯದರಲ್ಲಿ ಶೇ. 43.4, ಎರಡನೆಯದರಲ್ಲಿ ಶೇ. 34.9. ವ್ಯತ್ಯಾಸ ಸಂಖ್ಯಾಶಾಸ್ತ್ರದ ಗೆರೆಯನ್ನು ಕೂದಲೆಳೆಯಲ್ಲಿ ತಪ್ಪಿಸಿಕೊಂಡಿತು, ನಿಜ. ಆದರೂ ಲ್ಯಾಕ್ಟೇಟ್ ಯಂತ್ರ ಇಲ್ಲದ ಕಡೆ ಕೈಕಟ್ಟಿ ಕೂರಬೇಕಿಲ್ಲ ಎನ್ನಲು ಇಷ್ಟು ಸಾಕು.

ಮೂತ್ರ ಕೆಜಿಗೆ, ಗಂಟೆಗೆ ಅರ್ಧ ಎಂಎಲ್ ಬರಬೇಕು. 60 ಕೆಜಿಗೆ 30 ಎಂಎಲ್. ಬರದಿದ್ದರೆ ಮೊದಲು ಕ್ಯಾತಿಟರ್ ಮಡಿಚಿದೆಯೇ, ಕಟ್ಟಿದೆಯೇ ನೋಡಿ. ಉಲ್ಟಾ ಮೋಸವೂ ಉಂಟು: ಸಕ್ಕರೆ 500 ಇರುವವರಿಗೆ, ಮೂತ್ರ ಹೆಚ್ಚಿಸುವ ಲೇಸಿಕ್ಸ್ ಕೊಟ್ಟವರಿಗೆ ಶಾಕ್ ಇದ್ದರೂ ಮೂತ್ರ ಧಾರಾಳ ಬರುತ್ತದೆ. ಮೂತ್ರಪಿಂಡಕ್ಕೆ ಸಿಗುವ ನಿಜವಾದ ಒತ್ತಡ ಮ್ಯಾಪ್‌ನಿಂದ ಸಿರೆಯ ಒತ್ತಡ (ಸಿವಿಪಿ) ಕಳೆದಷ್ಟು. ಮ್ಯಾಪ್ 65, ಸಿವಿಪಿ 8 ಇದ್ದರೆ 57. ಮೂತ್ರ ಬರಲಿ ಎಂದು ಡ್ರಿಪ್ ಮೇಲೆ ಡ್ರಿಪ್ ಏರಿಸಿ ಸಿವಿಪಿ 20 ಆದರೆ ಉಳಿಯುವುದು 45. ಮೂತ್ರ ಇನ್ನಷ್ಟು ನಿಲ್ಲುತ್ತದೆ, ಇನ್ನೊಂದು ಬಾಟಲಿ ಏರುತ್ತದೆ.

ಲ್ಯಾಕ್ಟೇಟ್ 2ಕ್ಕಿಂತ ಹೆಚ್ಚಿದ್ದರೆ ಎರಡು ಗಂಟೆಗೊಮ್ಮೆ ನೋಡಿ ಇಳಿಯುತ್ತಿದೆಯೇ ಗಮನಿಸಿ. ಅಡ್ರಿನಲಿನ್ ಓಡುತ್ತಿದ್ದರೆ, ಲಿವರ್ ಕೆಟ್ಟಿದ್ದರೆ, ಮೆಟ್‌ಫಾರ್ಮಿನ್ ಸೇರಿಕೊಂಡಿದ್ದರೆ ಹರಿವು ಸರಿಯಿದ್ದೂ ಅದು ಏರಿರಬಹುದು.

ಹಂತ 4: ಕೆಟ್ಟಿರುವುದು ಯಾವುದು?

ಪಂಪು, ದ್ರವ, ನಾಳ, ಇಲ್ಲವೇ ದಾರಿಗೆ ಅಡ್ಡ. ಕೈಕಾಲು ಮುಟ್ಟಿ, ಕುತ್ತಿಗೆಯ ಸಿರೆ ನೋಡಿ. ತಣ್ಣಗಿದ್ದು ಸಿರೆ ಕುಗ್ಗಿದ್ದರೆ ದ್ರವವೋ ರಕ್ತವೋ ಕಡಿಮೆ. ತಣ್ಣಗಿದ್ದು ಸಿರೆ ಉಬ್ಬಿದ್ದರೆ ಹೃದಯ, ಅಥವಾ ಎದೆಗೂಡಿನಲ್ಲಿ ಒತ್ತಡದ ಗಾಳಿ, ಹೃದಯದ ಸುತ್ತ ನೀರು, ಶ್ವಾಸಕೋಶದ ನಾಳದಲ್ಲಿ ಹೆಪ್ಪು. ಬೆಚ್ಚಗಿದ್ದು ಕೆಳಗಿನ ಬಿಪಿ ಕುಸಿದಿದ್ದರೆ ನಾಳ.

ನಮ್ಮ ಕಡೆ ಹೆಚ್ಚಾಗಿ ಎಡವುವ ಜಾಗಗಳು ಬೇರೆಯೇ ಇವೆ. ಕಬ್ಬಿನ ಗದ್ದೆಯಲ್ಲಿ ಕೊಳಕುಮಂಡಲ ಕಚ್ಚಿದವರಿಗೆ ಆ್ಯಂಟಿವೆನಮ್ ಶುರುಮಾಡಿದ ಗಂಟೆಯೊಳಗೆ ಬಿಪಿ ಬಿದ್ದರೆ ವಿಷವೆಂದುಕೊಂಡು ಇನ್ನಷ್ಟು ವಯಲ್ ಏರಿಸುವ ಮುನ್ನ ಅಲರ್ಜಿಯನ್ನು ಯೋಚಿಸಿ: ಮೈಮೇಲೆ ಗಂಧೆ, ಉಬ್ಬಸ, ವಾಂತಿ ಇದೆಯೇ? ಆ್ಯಂಟಿವೆನಮ್ ನಿಲ್ಲಿಸಿ ತೊಡೆಯ ಸ್ನಾಯುವಿಗೆ ಅಡ್ರಿನಲಿನ್ 0.5 ಮಿಲಿಗ್ರಾಂ, ಚೇತರಿಸಿಕೊಂಡ ಮೇಲೆ ಆ್ಯಂಟಿವೆನಮ್ ಮತ್ತೆ ನಿಧಾನವಾಗಿ. ತಾಸುಗಳ ನಂತರ ಬಿದ್ದು, ಕಣ್ಣು ಕೆನ್ನೆ ಊದಿ, ಹಿಮಟೋಕ್ರಿಟ್ ಏರಿದ್ದರೆ ಅದು ಲೋಮನಾಳಗಳ ಸೋರಿಕೆ. ಆರ್ಗನೊಫಾಸ್ಫೇಟ್ ಕೀಟನಾಶಕ ಹೊಟ್ಟೆ ಸೇರಿದವರಲ್ಲಿ ಮೊದಲ ಔಷಧ ನಾರ್‌ಅಡ್ರಿನಲಿನ್ ಅಲ್ಲ, ಅಟ್ರೊಪಿನ್: ಎದೆಯ ಗೊರಗೊರ ನಿಂತು, ನಾಡಿ 80, ಮೇಲಿನ ಬಿಪಿ 80 ದಾಟುವವರೆಗೆ.

ಎದೆನೋವಿನ ರೋಗಿಯ ಇಸಿಜಿಯ 2, 3, ಎವಿಎಫ್ ಲೀಡ್‌ಗಳಲ್ಲಿ ಎಸ್‌ಟಿ ಭಾಗ ಏರಿದ್ದರೆ ಬಲಗಡೆಯ ಲೀಡ್ ಹಾಕದೆ ನಾಲಗೆಯಡಿಗೆ ನಾಳ ಸಡಿಲಿಸುವ ಸಾರ್ಬಿಟ್ರೇಟ್ ಇಡಬೇಡಿ. ಬಲ ಹೃತ್ಕುಕ್ಷಿ ಹೊಡೆತ ತಿಂದಿದ್ದರೆ ಅದು ಬದುಕಿರುವುದೇ ಮರಳಿ ಬರುವ ರಕ್ತದ ಬಲದಿಂದ. ಆ ಒಂದು ಮಾತ್ರೆಗೆ ಬಿಪಿ ಪಾತಾಳ ಸೇರುತ್ತದೆ, ಮೈಸೂರಿನ ಜಯದೇವ ಮುಟ್ಟುವುದು ಆಮೇಲಿನ ಮಾತು.

ಉಸಿರಿನ ಟ್ಯೂಬ್ ಹಾಕಿದ ಕೂಡಲೇ ಬಿಪಿ ಬೀಳುವುದೂ ಇದೇ ಲೆಕ್ಕ. ವೆಂಟಿಲೇಟರ್ ಎದೆಯೊಳಗೆ ಒತ್ತಡ ಹೆಚ್ಚಿಸಿ ಮರಳುವ ರಕ್ತವನ್ನು ತಡೆಯುತ್ತದೆ, ನಿದ್ರೆಯ ಔಷಧ ನಾಳ ಸಡಿಲಿಸುತ್ತದೆ. ನಾರ್‌ಅಡ್ರಿನಲಿನ್ ಪಂಪ್ ಸಿದ್ಧವಾದ ಮೇಲೆ ಟ್ಯೂಬ್ ಹಾಕಿ.

ಹಂತ 5: ಡ್ರಿಪ್ ಎಷ್ಟು, ಯಾವುದು

‘ಒಂದು ಗ್ಲೂಕೋಸ್ ಹಾಕಿ ಸಿಸ್ಟರ್’ ಎನ್ನುವವರಿಗೆ ಒಂದು ಲೆಕ್ಕ. ಒಂದು ಲೀಟರ್ 5% ಡೆಕ್ಸ್‌ಟ್ರೋಸ್‌ನಲ್ಲಿ ರಕ್ತನಾಳದೊಳಗೆ ಉಳಿಯುವುದು ಹೆಚ್ಚುಕಡಿಮೆ 80 ಎಂಎಲ್. ಮಿಕ್ಕಿದ್ದು ಜೀವಕೋಶಗಳಿಗೆ, ಅವುಗಳ ಸಂದಿಗೆ. ಆರ್‌ಎಲ್‌ನಲ್ಲಿ (ರಿಂಗರ್ ಲ್ಯಾಕ್ಟೇಟ್ ಎಂಬ ಲವಣದ ದ್ರವ) ಕಾಲುಭಾಗ ನಿಲ್ಲುತ್ತದೆ, ಸೆಪ್ಸಿಸ್‌ನಲ್ಲಿ ಅದಕ್ಕೂ ಕಡಿಮೆ. ಶಾಕ್‌ಗೆ ಆರ್‌ಎಲ್‌ನಂಥ ದ್ರವವೇ ಸರಿ.

ಸೆಪ್ಸಿಸ್‌ನಲ್ಲಿ ಮೊದಲ 3 ಗಂಟೆಗೆ ಕೆಜಿಗೆ 30 ಎಂಎಲ್ ಎಂಬುದು ಮಾರ್ಗಸೂಚಿಯ ಸಲಹೆ, 60 ಕೆಜಿಗೆ 1,800 ಎಂಎಲ್. ಅದನ್ನು ಒಂದೇ ಉಸಿರಿಗೆ ಸುರಿಯಬೇಡಿ. 250ರಿಂದ 500 ಎಂಎಲ್ ಅನ್ನು ಹತ್ತು ಹದಿನೈದು ನಿಮಿಷದಲ್ಲಿ ಕೊಟ್ಟು ಬೆರಳು, ನಾಡಿ, ಬೆನ್ನಿನ ಕೆಳಭಾಗದ ಉಸಿರಿನ ಸದ್ದು ನೋಡಿ, ಆಮೇಲೆ ಮುಂದಿನದು. ದ್ರವ ಬೇಕೋ ಬೇಡವೋ ತಿಳಿಯದಿದ್ದರೆ ಕಾಲೆತ್ತುವ ಪರೀಕ್ಷೆ ಇದೆ: ರೋಗಿ ತಲೆ 45 ಡಿಗ್ರಿ ಎತ್ತರದಲ್ಲಿರುವಾಗ ಶುರುಮಾಡಿ, ಹಾಸಿಗೆಯನ್ನೇ ವಾಲಿಸಿ ತಲೆ, ಬೆನ್ನು ಸಪಾಟಾಗಿ, ಕಾಲು 45 ಡಿಗ್ರಿ ಮೇಲೆ ಬರುವಂತೆ ಮಾಡಿ. ಸುಮಾರು 300 ಎಂಎಲ್ ರಕ್ತ ಹೃದಯಕ್ಕೆ ಬರುತ್ತದೆ. ಫಲ ಒಂದೆರಡು ನಿಮಿಷದೊಳಗೇ ಕಾಣಬೇಕು, ಎಕೋದಲ್ಲಿ (ಹೃದಯದ ಸ್ಕ್ಯಾನ್) ಅಳೆದರೆ ಉತ್ತಮ. ಬರೀ ಬಿಪಿ ನೋಡುವುದಾದರೆ, ಮೇಲಿನ ಕೆಳಗಿನ ಅಂಕಿಗಳ ಅಂತರ ಏರಿದರೆ ದ್ರವದಿಂದ ಲಾಭವಿದೆ ಎನ್ನಬಹುದು. ಏರದಿದ್ದರೆ ಲಾಭವಿಲ್ಲ ಎನ್ನಲಾಗದು. ತಲೆಗೆ ಪೆಟ್ಟಾದವರಿಗೆ ಇದು ಬೇಡ.

ಹಂತ 6: ನಾರ್‌ಅಡ್ರಿನಲಿನ್

ಗುರಿ ಸಾಮಾನ್ಯವಾಗಿ ಮ್ಯಾಪ್ 65. ಆಂಪೂಲ್ ಒಡೆಯುವ ಮೊದಲು ಲೇಬಲ್ ಪೂರ್ತಿ ಓದಿ: ಬೈಟಾರ್ಟ್ರೇಟ್ 2 ಮಿಲಿಗ್ರಾಂ ಎಂದರೆ ನಾರ್‌ಅಡ್ರಿನಲಿನ್ ಬೇಸ್ 1 ಮಿಲಿಗ್ರಾಂ. ಒಂದು ಆಸ್ಪತ್ರೆ ಒಂದರ ಲೆಕ್ಕ, ಇನ್ನೊಂದು ಮತ್ತೊಂದರ ಲೆಕ್ಕ ಹಿಡಿದರೆ ರೋಗಿ ಕೈ ಬದಲಾಗುವಾಗ ಪ್ರಮಾಣ ಇಮ್ಮಡಿಯೋ ಅರ್ಧವೋ ಆಗುತ್ತದೆ. ಬೇಸ್ 4 ಮಿಲಿಗ್ರಾಂ ಅನ್ನು 5% ಡೆಕ್ಸ್‌ಟ್ರೋಸ್‌ನೊಂದಿಗೆ ಒಟ್ಟು 50 ಎಂಎಲ್‌ಗೆ ತಂದರೆ ಎಂಎಲ್‌ಗೆ 80 ಮೈಕ್ರೋಗ್ರಾಂ. 60 ಕೆಜಿಯವರಿಗೆ ಕೆಜಿಗೆ, ನಿಮಿಷಕ್ಕೆ 0.1 ಮೈಕ್ರೋಗ್ರಾಂ ಬೇಕೆಂದರೆ ಪಂಪ್ ಗಂಟೆಗೆ 4.5 ಎಂಎಲ್. ಕೇಸ್ ಶೀಟಿನಲ್ಲಿ ಬರೀ ‘4.5 ಎಂಎಲ್’ ಎಂದು ಬರೆಯಬೇಡಿ, ಬೆರಕೆಯನ್ನೂ ಬರೆಯಿರಿ.

ಸೆಂಟ್ರಲ್ ಲೈನ್ (ಹೃದಯದ ಹತ್ತಿರದ ದೊಡ್ಡ ಸಿರೆಗೆ ಹಾಕುವ ನಳಿಕೆ) ಇಲ್ಲವೆಂದು ಕಾಯುವುದು ತಪ್ಪು. ಮೊಣಕೈ ಹತ್ತಿರದ ಒಳ್ಳೆಯ ಸಿರೆಯಲ್ಲಿ 18 ಅಥವಾ 20ರ ಕ್ಯಾನ್ಯುಲಾ ಹಾಕಿ ಕೆಲವು ತಾಸು ನಡೆಸಬಹುದು. ಅಂಗೈ ಹಿಂಭಾಗದ ಸಿರೆ ಬೇಡ. ಗಂಟೆಗೊಮ್ಮೆ ಸುತ್ತಲಿನ ಚರ್ಮ ನೋಡಿ. ಬಿಳುಪಾಗಿ ಗಟ್ಟಿಯಾಗಿದ್ದರೆ ಔಷಧವನ್ನು ಬೇರೆ ಸಿರೆಗೆ ಬದಲಾಯಿಸಿ, ಹಳೆಯ ಕ್ಯಾನ್ಯುಲಾ ಕೀಳದೆ, ಸೋರಿದ ಔಷಧವನ್ನು ಅದರಿಂದಲೇ ಹೊರಗೆಳೆದು ವೈದ್ಯರನ್ನು ಕರೆಯಿರಿ. ಆ ಲೈನಿಗೆ ಬೇರೆ ಇಂಜೆಕ್ಷನ್ ತಳ್ಳಬೇಡಿ. ಟ್ಯೂಬಿನೊಳಗೆ ಉಳಿದ ನಾರ್‌ಅಡ್ರಿನಲಿನ್ ಒಟ್ಟಿಗೆ ಹೋಗಿ ಬಿಪಿ 220 ಆಗುತ್ತದೆ.

ನಾರ್‌ಅಡ್ರಿನಲಿನ್ ಕೆಜಿಗೆ, ನಿಮಿಷಕ್ಕೆ 0.25 ಮೈಕ್ರೋಗ್ರಾಂ ದಾಟುತ್ತಿದ್ದರೆ ಏರಿಸುತ್ತಲೇ ಹೋಗುವುದಕ್ಕಿಂತ ನಿಮಿಷಕ್ಕೆ 0.03 ಯೂನಿಟ್ ವ್ಯಾಸೊಪ್ರೆಸಿನ್ ಸೇರಿಸುವುದು, 4 ತಾಸಾದರೂ ಇಳಿಸಲಾಗದಿದ್ದರೆ ದಿನಕ್ಕೆ 200 ಮಿಲಿಗ್ರಾಂ ಹೈಡ್ರೋಕಾರ್ಟಿಸೋನ್ ಯೋಚಿಸುವುದು ವಾಡಿಕೆ. ಮ್ಯಾಪ್ 65 ಮುಟ್ಟಿಯೂ ಬೆರಳು ತಣ್ಣಗಿದ್ದರೆ ಎಕೋ ಮಾಡಿ: ಹೃದಯವೇ ಸೋತಿದ್ದರೆ ಅದಕ್ಕೆ ಬಲ ಕೊಡುವ ಡೊಬುಟಮಿನ್ ಬೇಕಾಗಬಹುದು, ನಾಳ ಇನ್ನಷ್ಟು ಬಿಗಿಯುವುದಲ್ಲ. ಬಿಪಿ ಏರಿಸಲು ಡೋಪಮಿನ್ ಕೊಡುವ ಅಭ್ಯಾಸ ಇನ್ನೂ ಪೂರ್ತಿ ಹೋಗಿಲ್ಲ. ನಾಡಿ ಲಯ ತಪ್ಪಿಸುವುದು ನಾರ್‌ಅಡ್ರಿನಲಿನ್‌ಗಿಂತ ಅದರಲ್ಲೇ ಹೆಚ್ಚೆಂದು 2010ರಲ್ಲೇ ದೊಡ್ಡ ಅಧ್ಯಯನ ತೋರಿಸಿದೆ.

65 ಎಲ್ಲರಿಗೂ ಅಲ್ಲ

ಹಳೆಯ ಬಿಪಿ ಕಾಯಿಲೆಯವರಲ್ಲಿ ಮ್ಯಾಪ್ 80ರ ಆಸುಪಾಸು ಇಟ್ಟಾಗ ಡಯಾಲಿಸಿಸ್ ಅಗತ್ಯ ಕಡಿಮೆಯಾದದ್ದು 2014ರ ಅಧ್ಯಯನದಲ್ಲಿ ಕಂಡಿತು, ಸಾವು ಕಡಿಮೆಯಾಗಲಿಲ್ಲ. ತಲೆಗೆ ಪೆಟ್ಟಾದವರಲ್ಲಿ ಮೇಲಿನ ಬಿಪಿ 50ರಿಂದ 69ರ ವಯಸ್ಸಿನವರಿಗೆ 100, ಅದಕ್ಕಿಂತ ಕಿರಿಯ ಮತ್ತು ಹಿರಿಯ ವಯಸ್ಕರಿಗೆ 110ಕ್ಕಿಂತ ಇಳಿಯಬಾರದು. ತಲೆಗೆ ಪೆಟ್ಟಿಲ್ಲದೆ ಒಳಗೆ ರಕ್ತ ಸೋರುತ್ತಿದ್ದರೆ ಸೋರಿಕೆ ನಿಲ್ಲಿಸುವವರೆಗೆ ಮೇಲಿನ ಬಿಪಿ 80ರಿಂದ 90 ಸಾಕು. ಜಾಸ್ತಿ ಏರಿಸಿದರೆ ಕಟ್ಟಿದ ಹೆಪ್ಪು ಕಿತ್ತುಹೋಗುತ್ತದೆ.

ಮಿದುಳಿನ ನಾಳ ಕಟ್ಟಿ ಲಕ್ವ ಹೊಡೆದವರಲ್ಲಿ ಹೆಪ್ಪು ಕರಗಿಸುವ ಇಂಜೆಕ್ಷನ್ ಕೊಡುವುದಿದ್ದರೆ 185/110ರ ಕೆಳಗೆ ತರಬೇಕು, ಕೊಡುವುದಿಲ್ಲವಾದರೆ 220/120 ದಾಟುವವರೆಗೆ ಸಾಮಾನ್ಯವಾಗಿ ಕೈಹಾಕುವುದಿಲ್ಲ. 190/100 ಕಂಡೊಡನೆ ನಾಲಗೆಯಡಿಗೆ ನಿಫೆಡಿಪಿನ್ ಹಿಂಡುವ ಅಭ್ಯಾಸ ಎಲ್ಲೇ ಉಳಿದಿದ್ದರೂ ನಿಲ್ಲಬೇಕು. ಬಿಪಿ ಎಷ್ಟು ಇಳಿಯುತ್ತದೆಂಬುದು ಯಾರ ಹಿಡಿತದಲ್ಲೂ ಇರುವುದಿಲ್ಲ, ಅರೆಜೀವದಲ್ಲಿದ್ದ ಮಿದುಳಿನ ಭಾಗ ಪೂರ್ತಿ ಹೋಗುತ್ತದೆ. ಹೆಚ್ಚಿನ ಹೈ ಬಿಪಿ ಎಮರ್ಜೆನ್ಸಿಗಳಲ್ಲಿ ಮೊದಲ ಗಂಟೆಯಲ್ಲಿ ಮ್ಯಾಪ್ ಅನ್ನು ಕಾಲುಭಾಗಕ್ಕಿಂತ ಹೆಚ್ಚು ಇಳಿಸಬಾರದು. ಮಹಾಪಧಮನಿ ಸೀಳಿದವರು ಮಾತ್ರ ಬೇರೆ: ನಾಡಿ 60ರ ಕೆಳಗೆ, ಮೇಲಿನ ಬಿಪಿ 100ರಿಂದ 120, ಅದೂ ಬೇಗ.

ಆಂಬುಲೆನ್ಸ್ ಹತ್ತಿಸುವ ಮುನ್ನ

ಎಚ್.ಡಿ. ಕೋಟೆಯಿಂದ ಕೆ.ಆರ್. ಆಸ್ಪತ್ರೆಗೋ ನಾಗಮಂಗಲದಿಂದ ಮಂಡ್ಯದ ಮಿಮ್ಸ್‌ಗೋ ಹೋಗುವ ದಾರಿಯಲ್ಲಿ ನಾರ್‌ಅಡ್ರಿನಲಿನ್ ಸಿರಿಂಜ್ ಖಾಲಿಯಾದರೆ ನಿಲ್ಲಿಸಿ ಬೆರೆಸಲು ಸಮಯವಿರುವುದಿಲ್ಲ. ಅದರ ಅರ್ಧಾಯುಷ್ಯ ಎರಡು ಎರಡೂವರೆ ನಿಮಿಷ. ಎರಡನೇ ಸಿರಿಂಜ್ ತುಂಬಿ ಲೇಬಲ್ ಅಂಟಿಸಿ ಜೊತೆಗೆ ಕಳಿಸಿ. ಪಂಪಿನ ಬ್ಯಾಟರಿ ಎಷ್ಟಿದೆ ಎಂದು ಚಾರ್ಜರ್ ಕಿತ್ತು ನೋಡಿ. ಮೊದಲನೆಯದರಲ್ಲಿ 5 ಎಂಎಲ್ ಉಳಿದಿರುವಾಗಲೇ ಎರಡನೆಯದನ್ನು ಇನ್ನೊಂದು ಪಂಪಿನಲ್ಲಿ ಶುರುಮಾಡಿ, ಬಿಪಿ ಏರಲು ತೊಡಗಿದಾಗ ಹಳೆಯದನ್ನು ಇಳಿಸುತ್ತಾ ನಿಲ್ಲಿಸಬೇಕು. ಪಂಪ್ ಒಂದೇ ಇದ್ದರೆ ಬದಲಾಯಿಸುವ ಕೆಲಸ ಗಾಡಿ ಹತ್ತುವ ಮೊದಲೇ ಮುಗಿಯಲಿ.

ಚೀಟಿಯಲ್ಲಿ ‘ಸ್ಟೇಬಲ್’ ಬದಲು ಇಷ್ಟು ಬರೆಯಿರಿ: ಬಿಪಿ ಮೂರೂ ಅಂಕಿ ಮತ್ತು ತೆಗೆದ ಸಮಯ, ನಾಡಿ, ಬೆರಳ ಬಣ್ಣ ಮರಳಲು ಹಿಡಿದ ಸೆಕೆಂಡ್, ಕಳೆದ ಒಂದೊಂದು ಗಂಟೆಯ ಮೂತ್ರ, ಈವರೆಗೆ ಕೊಟ್ಟ ದ್ರವ ಯಾವುದು ಎಷ್ಟು, ನಾರ್‌ಅಡ್ರಿನಲಿನ್ ಬೆರಕೆ ಮತ್ತು ವೇಗ, ಮೊದಲ ಆ್ಯಂಟಿಬಯಾಟಿಕ್ ಕೊಟ್ಟ ಹೊತ್ತು.